ಭೂಮಧ್ಯ ರೇಖೆಯ ಮೇಲೆ ಹತ್ತು ಅಂಕ

ಹಿರಿಯೂರು ಬಸ್‌ಸ್ಟ್ಯಾಂಡು

ನಾನು ಕೀನ್ಯಾಕ್ಕೆ ಹೋಗಿದ್ದು ಸಿಂಹ ನೋಡುವುದಕ್ಕಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ವಾಪಸ್ ಬಂದಾಗಿನಿಂದ ಕಂಡಕಂಡವರೆಲ್ಲ ಅದೊಂದೇ ಕೇಳುತ್ತಿದ್ದಾರೆ, "ಸಿಂಹ ನೋಡಿದ್ರೇನ್ರಿ ಮೇಡಂ?" ಇಲ್ಲಪ್ಪ, ನೋಡಲಿಲ್ಲ. ನಾನು ನೋಡಿ ಬಂದಿದ್ದು ಒಂದು ಬೇಸಿನ್ ನೀರು. ಅದರ ಮುಂದೆ ಸಿಂಹವೂ ಇಲ್ಲ, ಆನೆಯೂ ಇಲ್ಲ!

ಆದಿವಾಲದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ನಿವೃತ್ತಿಯಾದವಳು ನಾನು. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಕರಿಹಲಗೆಯ ಮೂಲೆಯಲ್ಲಿ 'ನಿಮಗಿದು ಗೊತ್ತೇ?' ಎಂದು ಬರೆದು, ಕೆಳಗೊಂದು ಸೋಜಿಗದ ಸಂಗತಿ ಹಾಕುವುದು ನನ್ನ ಚಟ. ಆಕ್ಟೋಪಸ್ಸಿಗೆ ಮೂರು ಹೃದಯ. ಬಾಳೆ ಮರವೇ ಅಲ್ಲ. ಇಂಥವು. ಮಕ್ಕಳು ಬಾಯಿ ಬಿಟ್ಟು ಓದುವುದನ್ನು ನೋಡಿದರೆ ನನಗೆ ತಿಂಡಿ ತಿಂದಷ್ಟೇ ಖುಷಿ.

ಆ ಹಲಗೆಯ ಮೇಲೆ ಒಂದು ದಿನ ಹೀಗೆ ಬರೆದಿದ್ದೆ: ಬಚ್ಚಲ ತೂತಿಗೆ ಇಳಿಯುವ ನೀರು ಭೂಮಧ್ಯ ರೇಖೆಯ ಉತ್ತರಕ್ಕೆ ಒಂದು ಕಡೆ ತಿರುಗುತ್ತದೆ, ದಕ್ಷಿಣಕ್ಕೆ ಇನ್ನೊಂದು ಕಡೆ. ಅದೇ ವರ್ಷ ಹಿರಿಯೂರಿನಲ್ಲಿ ತಾಲ್ಲೂಕು ಮಟ್ಟದ ರಸಪ್ರಶ್ನೆ ನಡೆದಾಗ ಪ್ರಶ್ನೆ ಕೇಳುವವಳೂ ನಾನೇ ಆದೆ, ಅದನ್ನೇ ಕೇಳಿದೆ. ನಮ್ಮ ಶಾಲೆಯ ಪರವಾಗಿ ಕೂತಿದ್ದವಳು ಎಂಟನೇ ತರಗತಿಯ ತಿಪ್ಪಮ್ಮ, ಮಾರಿಕಣಿವೆ ಕಾಲುವೆಯ ತೂಬು ಎತ್ತಿ ಇಳಿಸುವ ನೀರಗಂಟಿಯ ಮಗಳು. ಎದ್ದು ನಿಂತು ಹೇಳಿದಳು, "ಹಂಗೇನಿಲ್ಲ ಮಿಸ್. ನೀರು ಯಾವ ಮಗ್ಗಲಿಂದ ಬಂದು ಬೀಳ್ತೈತೋ ಹಂಗೆ ಸುಳಿ ತಿರುಗ್ತೈತೆ. ನಮ್ಮ ತೂಬಿನಾಗೆ ಒಂದಿನ ಹಿಂಗೆ, ಒಂದಿನ ಹಂಗೆ."

ಸಭೆಯೆಲ್ಲ ನಕ್ಕಿತು. ನನಗೋ, ನಮ್ಮ ಶಾಲೆಯವಳೆಂದು ಪಕ್ಷಪಾತ ಮಾಡಿದೆ ಅನ್ನಿಸಿಕೊಳ್ಳಬಾರದು ಎಂಬ ಬಿಗುವು. "ಉತ್ತರ ತಪ್ಪು" ಎಂದೆ, ಹತ್ತು ಅಂಕ ಹೋಯಿತು. ಆ ಹತ್ತು ಅಂಕದಿಂದಲೇ ನಮ್ಮ ಶಾಲೆ ಸೋತಿತು. ಗೆದ್ದ ಮಕ್ಕಳು ಪ್ರಮಾಣಪತ್ರ ಹಿಡಿದುಕೊಂಡು ಜಿಲ್ಲಾ ಮಟ್ಟಕ್ಕೆ ಚಿತ್ರದುರ್ಗಕ್ಕೆ ಹೋದರು. ತಿಪ್ಪಮ್ಮ ಆಮೇಲೆ ತರಗತಿಯಲ್ಲಿ ಕೈ ಎತ್ತಿದ್ದನ್ನು ನಾನು ಕಾಣೆ.

ಇದಾಗಿ ಇಪ್ಪತ್ತಾರು ವರ್ಷ. ಮೊನ್ನೆ ನಾನೂ ನನ್ನಕ್ಕ ಗಂಗಕ್ಕನೂ ಬೆಂಗಳೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅದೇ ತಿಪ್ಪಮ್ಮ ಏದುಸಿರು ಬಿಡುತ್ತ ಬಂದಳು. ಈಗ ಅವಳೂ ಗಂಡನೂ ಕಾಲುವೆ ಕೆಳಗೆ ಬೇಸಾಯ ಮಾಡಿಕೊಂಡಿದ್ದಾರೆ. ಶೇಂಗಾ ಚಟ್ನಿಪುಡಿಯ ಎರಡು ದಪ್ಪ ಕವರು ನನ್ನ ಕೈಗಿಟ್ಟು, "ಮಿಸ್, ಆ ಭೂಮಧ್ಯ ರೇಖೆ ಹತ್ರಾನೂ ಹೋಗ್ತೀರಂತೆ. ನೀರು ಹೆಂಗ್ ತಿರುಗ್ತೈತೆ ನೋಡ್ಕಂಡು ಬರ್ರಿ. ನಂಗೊಂದು ಫೋನ್ ಮಾಡ್ರಿ" ಎಂದಳು.

ಅಬ್ಬಾ, ಇನ್ನೂ ಮರೆತಿಲ್ಲವಲ್ಲ ಇವಳು! ನೋಡುತ್ತೇನೆ, ವಿಡಿಯೋನೇ ಕಳಿಸುತ್ತೇನೆ ಎಂದೆ. ನಾನು ಹೇಳಿದ್ದೇ ಸರಿ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ನೈರೋಬಿ ವಿಮಾನ ನಿಲ್ದಾಣ

ಗಂಗಕ್ಕನನ್ನು ಪರಿಚಯಿಸಬೇಕು. ನನಗಿಂತ ಎಂಟು ವರ್ಷ ದೊಡ್ಡವಳು. ಬಾಗೂರು ಅವಳನ್ನು ಕೊಟ್ಟ ಊರು, ಜೀವಮಾನವೆಲ್ಲ ಕುರಿ ಸಾಕಿದವಳು. ಅವಳು ಕುರಿ ಮೇಯಿಸಿದ್ದಕ್ಕೇ ನಾನು ಶಾಲೆಗೆ ಹೋದೆ, ಅದನ್ನು ಅವಳು ವಾರಕ್ಕೊಮ್ಮೆ ನೆನಪಿಸುತ್ತಾಳೆ. ಅವಳ ಮಗ ಮಂಜ ಕೀನ್ಯಾದಲ್ಲಿ ಬೋರ್‌ವೆಲ್ ಕೊರೆಸುವ ಕೆಲಸದಲ್ಲಿದ್ದಾನೆ. ಅವನೇ ನಮ್ಮಿಬ್ಬರಿಗೂ ಟಿಕೆಟ್ ಕಳಿಸಿದ್ದ.

ಅಕ್ಕ ಕಂಬಳಿ ಹೆಗಲಿಗೆ ಹಾಕಿಕೊಂಡೇ ವಿಮಾನ ಹತ್ತಿದ್ದಳು. ನಾನು ದಾರಿಯುದ್ದಕ್ಕೂ ರೇಗಿಸಿದ್ದೆ, "ಭೂಮಧ್ಯ ರೇಖೆ ಅಂದ್ರೆ ಬೆಂಕಿ ಕಣಕ್ಕ, ಅಲ್ಲಿ ಯಾರಾದ್ರೂ ಕಂಬಳಿ ಹೊದೀತಾರಾ?" ನಾನಂತೂ ತೆಳ್ಳನೆಯ ವಾಯಿಲ್ ಸೀರೆಗಳನ್ನೇ ತುಂಬಿಕೊಂಡು ಬಂದಿದ್ದೆ.

ನಿಮಗಿದು ಗೊತ್ತೇ? ಕೀನ್ಯಾದಲ್ಲಿ ಪ್ಲಾಸ್ಟಿಕ್ ಕವರು ಕೈಯಲ್ಲಿ ಹಿಡಿಯುವುದೇ ಅಪರಾಧ. ನನಗೆ ಗೊತ್ತಿರಲಿಲ್ಲ! ನಿಲ್ದಾಣದಲ್ಲಿ ಎತ್ತರದ ಹೆಣ್ಣುಮಗಳೊಬ್ಬಳು, ಅಧಿಕಾರಿ, ನಮ್ಮ ಚೀಲ ತೆಗೆಸಿ ನೋಡಿದಳು. ಚಟ್ನಿಪುಡಿ ಒಳಗೆ ಹೋಗಬಹುದು, ಕವರು ಹೋಗುವಂತಿಲ್ಲ ಎಂದಳು ನಗುನಗುತ್ತಲೇ. ಡಬ್ಬಿಯಿಲ್ಲ, ಬಟ್ಟೆಚೀಲವಿಲ್ಲ. ನಾನು ಕಣ್ಣು ಕಣ್ಣು ಬಿಡುತ್ತಿದ್ದರೆ ಅಕ್ಕ ಅಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕಂಬಳಿಯ ಮೂಲೆಗೆ ತನ್ನ ಕರ್ಚೀಪು ಹಾಸಿ, ಪುಡಿ ಸುರುವಿ ಗಂಟು ಬಿಗಿದಳು. ಬುತ್ತಿ ಕಟ್ಟಿದ ಕೈಯಲ್ಲವೇ! ಅಧಿಕಾರಿಣಿ ಚಪ್ಪಾಳೆ ತಟ್ಟಿದಳು, ಆಮೇಲೆ ಎರಡು ಸಲ ಸೀನಿದಳು. ನಮ್ಮ ಖಾರ ಅವಳಿಗೆ ಹೊಸದು.

ಅಕ್ಕ ಹೊರಗೆ ಬಂದವಳೇ, "ಹೂಂ, ಈಗ ಹೇಳು ಕಂಬಳಿ ಯಾಕೆ ಅಂತ" ಎಂದಳು.

ಮಂಜನ ಮನೆ

ಮಂಜನ ಮನೆಯ ಅಕ್ಕಪಕ್ಕದವರು ಅಕ್ಕನನ್ನು ಮೊದಲ ದಿನವೇ 'ಮಾಮಾ ಮಂಜು' ಎಂದು ಕರೆಯತೊಡಗಿದರು. ಆ ಕಡೆ 'ಮಾಮಾ' ಎಂದರೆ ಅಮ್ಮ. ತಾಯಿಯನ್ನು ಅವಳ ಹೆಸರಿನಿಂದ ಕರೆಯುವುದು ಅಲ್ಲಿ ಮರ್ಯಾದೆಯಲ್ಲ, ಮಗುವಿನ ಹೆಸರು ಹಿಡಿದೇ ಕರೆಯಬೇಕು. ಬಾಗೂರಿನಲ್ಲಿ ಅಕ್ಕನನ್ನು ಮೂವತ್ತು ವರ್ಷದಿಂದ ಕರೆಯುತ್ತಿರುವುದು ಏನೆಂದು? 'ಮಂಜನವ್ವ'! ಸಮುದ್ರ ದಾಟಿ ಬಂದರೂ ಅದೇ ಹೆಸರು. "ನೋಡ್ದೇನೇ, ಇಲ್ಲಿಗೂ ಸುದ್ದಿ ಬಂದೈತೆ" ಎಂದು ಅಕ್ಕ ಬೀಗಿದಳು. ಮಕ್ಕಳಿಲ್ಲದ ನನ್ನನ್ನು ಏನೆಂದು ಕರೆಯುತ್ತಾರೋ ಎಂದು ಒಂದು ಗಳಿಗೆ ಮನಸ್ಸು ಮುದುಡಿತು. ಮೇಷ್ಟ್ರು ಎಂದು ಗೊತ್ತಾಗಿದ್ದೇ ತಡ, ಎಲ್ಲರೂ 'ಮ್ವಾಲಿಮು' ಎಂದರು. ಹಾಗೆಂದರೆ ಗುರುಗಳು. ಅಂಗಡಿಯವನು ಕೂಡ ಎದ್ದು ನಿಂತು ಹಾಗೆಂದ. ನನಗೆ ಕಣ್ಣಲ್ಲಿ ನೀರೇ ಬಂತು, ಸುಳ್ಳು ಯಾಕೆ ಹೇಳಲಿ.

ಭೂಮಧ್ಯ ರೇಖೆಗೆ ಹೊರಡುವ ಹಿಂದಿನ ದಿನ ಡ್ರೈವರ್ ಕಮಾವು ಬಂದ. ನಡುವಯಸ್ಸಿನವನು, ಮಾತು ಕಡಿಮೆ. ಎಷ್ಟು ಹೊತ್ತಿಗೆ ಹೊರಡುವುದು ಎಂದು ಅಕ್ಕ ಕೈಸನ್ನೆಯಲ್ಲೇ ಕೇಳಿದಳು. ಅವನು ಮೂರು ಬೆರಳು ತೋರಿಸಿದ. ಮೂರು ಗಂಟೆಗೆ ತಾನೇ ಎಂದು ನಾನು ಮರುದಿನ ಬೆಳಿಗ್ಗೆ ಆರಾಮಾಗಿ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. ಒಂಬತ್ತಕ್ಕೆ ಸರಿಯಾಗಿ ಹೊರಗೆ ಹಾರನ್ ಬಡಿದುಕೊಂಡಿತು.

ಮಂಜ ಹೊಟ್ಟೆ ಹಿಡಿದುಕೊಂಡು ನಕ್ಕ. "ಚಿಕ್ಕಮ್ಮ, ಇವರ ಗಡಿಯಾರ ಹೊತ್ತು ಹುಟ್ಟಿದ ಮೇಲೆ ಶುರು. ಏಳು ಗಂಟೆ ಅಂದ್ರೆ ಇವರಿಗೆ ಒಂದು. ಒಂಬತ್ತು ಅಂದ್ರೆ ಮೂರು."

ಭೂಮಧ್ಯ ರೇಖೆಯ ಬಳಿ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟುತ್ತಾನಲ್ಲ, ಎಣಿಕೆ ಅಲ್ಲಿಂದಲೇ ಶುರು ಮಾಡಿದರೆ ಎಂದೂ ತಪ್ಪುವುದಿಲ್ಲ. ನಾನು ರೋಮಾಂಚನದಿಂದ ಕುಣಿಯುವುದೊಂದು ಬಾಕಿ. ಹಲಗೆ ಇದ್ದಿದ್ದರೆ ಆಗಲೇ ಬರೆದುಬಿಡುತ್ತಿದ್ದೆ! ಅಕ್ಕನಿಗೆ ಮಾತ್ರ ಇದರಲ್ಲಿ ಯಾವ ಸೋಜಿಗವೂ ಕಾಣಲಿಲ್ಲ. "ಸರಿಯಾಗೇ ಐತಲ್ಲ. ಹೊತ್ತು ಹುಟ್ಟದಲೇ ಯಾರ್ ಕುರಿ ಬಿಡ್ತಾರೆ? ನಡಿ ಹೋಗಾಣ." ನಾನು ಎಣ್ಣೆ ತಲೆಯಲ್ಲೇ ಕಾರು ಹತ್ತಿದೆ.

ನಾನ್ಯುಕಿಯ ದಾರಿ

ಮಂಜನಿಗೆ ಕೆಲಸವಿತ್ತು, ನಾವಿಬ್ಬರೇ ಕಮಾವು ಜೊತೆ ಹೊರಟೆವು. ದಾರಿಯಲ್ಲಿ ಕುರಿಮಂದೆಯೊಂದು ಅಡ್ಡ ಬಂತು. ಅಷ್ಟೇ! ಅಕ್ಕ ಕಾರು ನಿಲ್ಲಿಸಿ ಇಳಿದುಬಿಟ್ಟಳು. ಅಲ್ಲಿನ ಕುರಿಗಳ ಬಾಲ ನಮ್ಮವುಗಳ ಹಾಗಲ್ಲ, ಕೊಬ್ಬು ತುಂಬಿ ಮಡಿಕೆಯಷ್ಟು ದಪ್ಪ. "ಏನೇ ಇದು, ಬಾಲದಾಗೆ ಬುತ್ತಿ ಕಟ್ಕಂಡು ಬಂದವೆ!" ಎಂದು ಒಂದು ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿ ನಾಲ್ಕು ಬೆರಳು ತೋರಿಸಿದಳು. ಮಂದೆ ಕಾಯುವವನು ಕಣ್ಣರಳಿಸಿ ತಾನೂ ನಾಲ್ಕು ಬೆರಳು ತೋರಿಸಿದ. ಕುರಿಯ ವಯಸ್ಸು ಹಲ್ಲಲ್ಲಿ ಗೊತ್ತಾಗುವುದು ಅಲ್ಲೂ ಇಲ್ಲೂ ಒಂದೇ. ಇಬ್ಬರೂ ಕೈಕುಲುಕಿದರು. ಒಂದೇ ಒಂದು ಮಾತಿನ ಹಂಗಿಲ್ಲ.

ಊಟಕ್ಕೆ ರಸ್ತೆ ಬದಿಯ ಹೋಟೆಲಿನಲ್ಲಿ ನಿಂತೆವು. ತಟ್ಟೆಯಲ್ಲಿ ಬಿಳಿ ಮುದ್ದೆ, ಪಕ್ಕದಲ್ಲಿ ಸೊಪ್ಪಿನ ಪಲ್ಯ. ಉಗಾಲಿ ಎನ್ನುತ್ತಾರೆ, ಮೆಕ್ಕೆಜೋಳದ ಹಿಟ್ಟಿನದು. ಮುದ್ದೆ ಕಂಡಿದ್ದೇ ನಮ್ಮಕ್ಕನ ಮುಖ ನೋಡಬೇಕಿತ್ತು! ತುತ್ತು ಮುರಿದಳು, ಸೊಪ್ಪಿನ ರಸಕ್ಕೆ ಅದ್ದಿದಳು, ನಮ್ಮೂರಿನ ಹಾಗೆ ಅಗಿಯದೆ ನುಂಗಿದಳು. ಉಗಾಲಿ ನಮ್ಮ ರಾಗಿಮುದ್ದೆಯಂತೆ ಜಾರುವ ಪೈಕಿ ಅಲ್ಲ, ಗಟ್ಟಿ. ಗಂಟಲಲ್ಲಿ ಕೂತುಬಿಟ್ಟಿತು. ಅಕ್ಕನ ಕಣ್ಣು ಮೇಲಾದವು. ಹೋಟೆಲಿನ ಹೆಂಗಸು ಓಡಿ ಬಂದು ಬೆನ್ನಿಗೆ ದಬದಬ ಗುದ್ದಿದಳು, ಕಮಾವು ನೀರು ತಂದ. ಇಳಿಯಿತು. "ಅಗಿಯಮ್ಮಾ, ಅಗಿ!" ಎಂಬಂತೆ ಆಕೆ ದವಡೆ ಆಡಿಸಿ ತೋರಿಸಿದಳು. ಅಕ್ಕ ಉಸಿರು ಹಿಡಿದು ನನಗೆ ಹೇಳಿದ್ದು, "ಮುದ್ದೆ ಅಗೀತಾರಂತೆ ಕಣೇ ಇವರು. ಎಂಥಾ ಜನಾನೋ!"

ನಾನ್ಯುಕಿ ಹತ್ತಿರಾಗುತ್ತಿದ್ದಂತೆ ಚಳಿ ಶುರುವಾಯಿತು. ಚಳಿ! ಭೂಮಧ್ಯ ರೇಖೆಯಲ್ಲಿ! ಊರು ಎತ್ತರದಲ್ಲಿದೆ, ಪಕ್ಕದಲ್ಲೇ ಮಂಜು ಹೊದ್ದ ದೊಡ್ಡ ಪರ್ವತ. ನಾನು ಪುಸ್ತಕದಲ್ಲಿ ಓದಿದ್ದೆ, ಮಕ್ಕಳಿಗೂ ಹೇಳಿದ್ದೆ, ಚೀಲ ತುಂಬುವಾಗ ಮರೆತಿದ್ದೆ. ವಾಯಿಲ್ ಸೀರೆಯಲ್ಲಿ ಹಲ್ಲು ಕಟಕಟ ಎನ್ನತೊಡಗಿತು. ಅಕ್ಕ ಏನೂ ಹೇಳದೆ ಕಂಬಳಿಯ ಅರ್ಧ ನನಗೆ ಹೊದಿಸಿದಳು. ಶೇಂಗಾ ಚಟ್ನಿಯ ವಾಸನೆ ಮೂಗಿಗೆ ಹೊಡೆಯಿತು. ಅಷ್ಟು ದೂರದಲ್ಲಿ ತಿಪ್ಪಮ್ಮನ ಅಡುಗೆಮನೆ.

ಗೆರೆಯ ಮೇಲೆ

ರಸ್ತೆ ಬದಿಯಲ್ಲಿ ಭೂಮಧ್ಯ ರೇಖೆಯ ಹಲಗೆಯಿದೆ. ಅಲ್ಲೊಬ್ಬ ಹಸನ್ಮುಖಿ, ಕೈಯಲ್ಲಿ ತಳಕ್ಕೆ ತೂತು ಕೊರೆದ ಬೇಸಿನ್ನು, ಒಂದು ಹೂಜಿ ನೀರು, ಎರಡು ಕಡ್ಡಿ. ಹತ್ತಾರು ಪ್ರವಾಸಿಗರು ಸುತ್ತ ನಿಂತಿದ್ದರು.

ಗೆರೆಯಿಂದ ಉತ್ತರಕ್ಕೆ ಇಪ್ಪತ್ತು ಹೆಜ್ಜೆ ಹೋಗಿ ನೀರು ಸುರಿದ. ತೂತಿನ ಮೇಲೆ ಕಡ್ಡಿಗಳು ಗಡಿಯಾರದ ಮುಳ್ಳಿನಂತೆ ತಿರುಗಿದವು. ದಕ್ಷಿಣಕ್ಕೆ ಇಪ್ಪತ್ತು ಹೆಜ್ಜೆ ಬಂದು ಸುರಿದ. ಕಡ್ಡಿಗಳು ತಿರುವುಮುರುವಾಗಿ ತಿರುಗಿದವು! ಗೆರೆಯ ಮೇಲೆ ನಿಂತು ಸುರಿದ. ಕಡ್ಡಿಗಳು ಅಲುಗದೆ ನಿಂತವು, ನೀರು ನೆಟ್ಟಗೆ ಇಳಿಯಿತು. ನಾನು ಮಗುವಿನ ಹಾಗೆ ಕೂಗಿಬಿಟ್ಟೆ. ನನ್ನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಕಣ್ಣೆದುರಿಗೆ ನಡೆಯುತ್ತಿದೆ! ಮೂರನ್ನೂ ವಿಡಿಯೋ ಮಾಡಿ, ನಿಂತ ಕಾಲಲ್ಲೇ ತಿಪ್ಪಮ್ಮನಿಗೆ ಕಳಿಸಿದೆ. ಕೆಳಗೆ ಬರೆದೆ: 'ನೋಡಿದೆಯಾ, ನಾನು ಅವತ್ತು ಹೇಳಿದ್ದೇ ಸರಿ.'

ಒಂದು ನಿಮಿಷದಲ್ಲಿ ಉತ್ತರ ಬಂತು. 'ಹೂಂ ಮಿಸ್. ಆಯ್ತು.'

ಅಷ್ಟೇ. ಇಪ್ಪತ್ತಾರು ವರ್ಷ ಕಾದವಳು ಅಷ್ಟೇ ಬರೆದಿದ್ದಳು. ನನ್ನ ಖುಷಿ ಯಾಕೋ ಸ್ವಲ್ಪ ಇಳಿಯಿತು. ಆದರೂ ಅಕ್ಕನನ್ನು ತಿವಿದು, "ಹೆಂಗೈತೆ ವಿಜ್ಞಾನ?" ಎಂದೆ.

ಅಕ್ಕ ಎಲೆಅಡಿಕೆ ಜಗಿಯುತ್ತಿದ್ದಳು. "ವಿಜ್ಞಾನ ನಂಗೊತ್ತಿಲ್ಲ. ಆ ಕಡೆ ಹೋದಾಗ ಬೇಸಿನ್ನಿನ ಎಡಮಗ್ಗಲಿಗೆ ಸುರಿದ. ಈ ಕಡೆ ಬಂದಾಗ ಬಲಮಗ್ಗಲಿಗೆ ಸುರಿದ. ಗೆರೆ ಮ್ಯಾಲೆ ನಡೂಮಧ್ಯಕ್ಕೆ ಸುರಿದ. ಕೈ ಚಳಕ ಚೆನ್ನಾಗೈತೆ."

"ಏನಕ್ಕ ನೀನು! ಅವನು ಸುಮ್ನೆ..."

"ಲೇ ಸುಶೀಲಿ, ಕುರಿ ಸಂತೇಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡ್ತಾರಲ್ಲ, ದಲ್ಲಾಳಿ ಬಾಯಾಗೆ ಏನ್ ಒದರ್ತಾನೆ ಅಂತ ಯಾರಾದ್ರೂ ಕೇಳ್ತಾರಾ? ಕೈ ಏನ್ ಹೇಳ್ತೈತೆ, ಅದು. ನೀನು ನೀರು ನೋಡ್ತಿದ್ದೆ. ನಾನು ಅವನ ಕೈ ನೋಡ್ತಿದ್ದೆ."

ವಿಡಿಯೋ ಮತ್ತೆ ಹಾಕಿ ನೋಡಿದೆ. ಎಡಮಗ್ಗಲು. ಬಲಮಗ್ಗಲು. ನಡುವೆ.

ಅಲ್ಲೇ, ಜನ ಹೋದ ಮೇಲೆ

ಪ್ರವಾಸಿಗರು ಕರಗುವವರೆಗೂ ಕಾದೆ. ಅಷ್ಟು ಜನರೆದುರು ಆ ಮನುಷ್ಯನ ಹೊಟ್ಟೆಯ ಮೇಲೆ ಹೊಡೆಯುವುದು ನನ್ನಿಂದಾಗದು. ಆಮೇಲೆ ಹತ್ತಿರ ಹೋಗಿ, ನಾನೂ ಒಮ್ಮೆ ಸುರಿಯಲೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಮ್ವಾಲಿಮು ಎಂದು ಕಮಾವು ಪರಿಚಯಿಸಿದ. ಬೇಸಿನ್ನಿನವನ ನಗು ಒಂದು ಚೂರು ಸಣ್ಣದಾಯಿತು, ಆದರೂ ಬೇಸಿನ್ ಕೊಟ್ಟ.

ಉತ್ತರಕ್ಕೆ ಹೋಗಿ ಬಲಮಗ್ಗಲಿಗೆ ಸುರಿದೆ. ಕಡ್ಡಿ ಅವನು ತೋರಿಸಿದ್ದಕ್ಕೆ ಉಲ್ಟಾ ತಿರುಗಿತು. ಎಡಮಗ್ಗಲಿಗೆ ಸುರಿದೆ, ಮತ್ತೆ ಅವನಂತೆಯೇ ತಿರುಗಿತು. ದಕ್ಷಿಣಕ್ಕೂ ಹಾಗೇ. ಗೆರೆಯ ಮೇಲೆ ನಿಂತು ಬೇಕೆಂದೇ ಓರೆಯಾಗಿ ಸುರಿದೆ, ಏನೂ ಆಗಬಾರದಿದ್ದ ಜಾಗದಲ್ಲಿ ಸುಳಿ ಜೋರಾಗಿ ಎದ್ದಿತು! ಭೂಮಿಯ ತಿರುಗುವಿಕೆ ಸಮುದ್ರದ ಚಂಡಮಾರುತಗಳನ್ನು ತಿರುಗಿಸುತ್ತದೆ, ನಿಜ. ಒಂದು ಬೇಸಿನ್ ನೀರಿಗೆ ಅದು ಲೆಕ್ಕಕ್ಕೇ ಇಲ್ಲ. ಅಲ್ಲಿ ನಡೆಯುವುದು ಸುರಿಯುವ ಕೈಯ ಮಾತು. ನೀರು ಯಾವ ಮಗ್ಗಲಿಂದ ಬಂದು ಬೀಳುತ್ತದೋ ಹಾಗೆ. ಎಂಟನೇ ತರಗತಿಯ ಹುಡುಗಿ ಎದ್ದು ನಿಂತು ಹೇಳಿದ್ದು ಇದನ್ನೇ, ಅಕ್ಷರ ಬಿಡದೆ.

ಆ ಮನುಷ್ಯ ನನ್ನ ಮುಖ ನೋಡಿ ಮೆಲ್ಲನೆ ಹೇಳಿದ, "ಮ್ವಾಲಿಮು, ತಿರುಗುತ್ತದೆ ಅಂದರೆ ಜನ ನಿಲ್ಲುತ್ತಾರೆ. ತಿರುಗಲ್ಲ ಅಂದರೆ ಯಾರು ನಿಲ್ಲುತ್ತಾರೆ?"

ಅವನನ್ನು ಬೈಯುವ ಬಾಯಿ ನನಗೆಲ್ಲಿದೆ? ನಾನೂ ಮೂವತ್ತು ವರ್ಷ ಮಕ್ಕಳು ಬಾಯಿ ಬಿಡಲಿ ಎಂದೇ ಬರೆದವಳು. ಅವನಾದರೂ ಯಾವ ಮಗುವನ್ನೂ ತಪ್ಪು ಎಂದು ಕೂರಿಸಿಲ್ಲ.

ಕಂಬಳಿ ಹೊದ್ದು ಹಲಗೆಯ ಕೆಳಗೆ ಕೂತು ಫೋನ್ ಮಾಡಿದೆ.

"ತಿಪ್ಪಮ್ಮ, ನಾನು ಕಣೇ. ಆ ವಿಡಿಯೋ ಸುಳ್ಳು. ನಾನೇ ಸುರಿದು ನೋಡಿದೆ. ನೀನು ಅವತ್ತು ಹೇಳಿದ್ದೇ ಸರಿ. ನಾನು ತಪ್ಪು. ನನ್ನ ಕ್ಷಮಿಸಮ್ಮ."

ಅವಳು ಫೋನ್ ಹಿಡಿದೇ ಕೂಗಿದ್ದು ಕೇಳಿಸಿತು, "ಅಪ್ಪಾ! ಏ ಅಪ್ಪಾ! ಮಿಸ್ಸು ಫೋನ್ ಮಾಡವ್ರೆ. ನಂದೇ ಸರಿಯಂತೆ!" ದೂರದಿಂದ ಮುದುಕನ ದನಿ, "ತೂಬಿನಾಗೆ ದಿನಾ ನೋಡೋದು ಸುಳ್ಳಾಗ್ತದೇನವ್ವ?"

"ಮಿಸ್," ತಿಪ್ಪಮ್ಮ ಮತ್ತೆ ಬಂದಳು, ಅಳುತ್ತಿದ್ದಳೋ ನಗುತ್ತಿದ್ದಳೋ. "ಕ್ಷಮೆ ಗಿಮೆ ಬ್ಯಾಡ್ರಿ. ಹಂಗಾದ್ರೆ ಹತ್ತು ಅಂಕ?"

"ಕೊಟ್ಟೆ ಕಣೇ! ಈಗಲೇ ಕೊಟ್ಟೆ!" ನಾನು ಕೂಗಿದ ಕೂಗಿಗೆ ಕಮಾವು ಕಾರಿನಿಂದ ಇಳಿದು ಬಂದ.

ಭೂಮಧ್ಯ ರೇಖೆ ದಾಟಿದವರಿಗೆ ಅಲ್ಲೊಂದು ಪ್ರಮಾಣಪತ್ರ ಸಿಗುತ್ತದೆ, ಬೇಸಿನ್ನಿನವನೇ ಹೆಸರು ಬರೆದುಕೊಡುತ್ತಾನೆ. ಹೆಸರೇನು ಎಂದು ಕೇಳಿದ. ನನ್ನದು ಹೇಳಲಿಲ್ಲ. "ತಿಪ್ಪಮ್ಮ, ಆದಿವಾಲ" ಎಂದೆ. ಅವನು ಕೇಳಿ ಕೇಳಿ ಮುತ್ತಿನಂಥ ಅಕ್ಷರದಲ್ಲಿ ಬರೆದ.

ಆದಿವಾಲ

ಊರಿಗೆ ಬಂದ ಮೂರನೇ ದಿನ ತಿಪ್ಪಮ್ಮನ ಮನೆಗೆ ಹೋದೆ. "ಬರ್ರಿ ಮಿಸ್, ಕುಂತ್ಕಳ್ರಿ" ಎಂದು ಚಾಪೆ ಹಾಸಿದಳು. ಅವಳಪ್ಪ ಜಗುಲಿಯ ಮೇಲೆ ಕೂತಿದ್ದರು. ಕೀನ್ಯಾದ ಗಡಿಯಾರ, ಉಗಾಲಿ, ದಪ್ಪ ಬಾಲದ ಕುರಿ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಆಮೇಲೆ ಪ್ರಮಾಣಪತ್ರ ತೆಗೆದುಕೊಟ್ಟೆ.

ಎರಡು ಕೈಯಲ್ಲಿ ಹಿಡಿದು ಪೂರ್ತಿ ಓದಿದಳು. ಮುಖ ಅರಳಿತು, ಆಮೇಲೆ ಹುಬ್ಬು ಗಂಟಿಕ್ಕಿತು. "ಮಿಸ್, ಇದರಾಗೆ ನಾನು ಭೂಮಧ್ಯ ರೇಖೆ ದಾಟೀನಿ ಅಂತ ಬರೆದೈತೆ. ನಾನು ಹಿರಿಯೂರು ದಾಟಿದ್ದೇ ಕಮ್ಮಿ. ಇದು ಸುಳ್ಳಾಗ್ತದಲ್ರಿ. ನಂಗೆ ಬ್ಯಾಡ."

ಇಂಥವಳ ಉತ್ತರವನ್ನು ನಾನು ತಪ್ಪು ಎಂದಿದ್ದೆ!

ಚೀಲದಲ್ಲಿ ಕೆಂಪು ಪೆನ್ನು ಇನ್ನೂ ಇಟ್ಟುಕೊಂಡಿರುತ್ತೇನೆ, ನಿವೃತ್ತಿಯಾದರೂ. ಕಾಗದ ವಾಪಸ್ ತೆಗೆದುಕೊಂಡು ಮಗುಚಿ, ಮೊಣಕಾಲ ಮೇಲಿಟ್ಟುಕೊಂಡು ಖಾಲಿ ಬೆನ್ನಿನ ಮೇಲೆ ಬರೆದೆ: 'ತಾಲ್ಲೂಕು ಮಟ್ಟದ ರಸಪ್ರಶ್ನೆ. ತಿಪ್ಪಮ್ಮ, ಎಂಟನೇ ತರಗತಿ. ಉತ್ತರ ಸರಿ. ಹತ್ತಕ್ಕೆ ಹತ್ತು.' ಕೆಳಗೆ ಸಹಿ ಹಾಕಿದೆ.

ಅವಳು ಅದನ್ನು ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದಾಳೆ. ಮುತ್ತಿನ ಅಕ್ಷರವೆಲ್ಲ ಗೋಡೆಯ ಕಡೆಗಿದೆ, ಮನೆಗೆ ಬಂದವರಿಗೆ ಕಾಣುವುದು ನನ್ನ ಕೆಂಪು ಪೆನ್ನು.